ನೆಂಟರ ನಾಡಿನಲ್ಲಿ ಲೆಕ್ಕ ಕೇಳುವುದು

ಒಡಿಶಾದ ಪಾರಾದೀಪ್ ಬಂದರಿನಲ್ಲಿ ರಸಗೊಬ್ಬರ ಕಾರ್ಖಾನೆ ಕಟ್ಟಲು ಭಾರತ ಸರ್ಕಾರ 1981ರಲ್ಲಿ ಒಂದು ಕಂಪನಿ ಹುಟ್ಟುಹಾಕಿತು. ಅದಕ್ಕೆ ಪಾಲುದಾರನಾಗಿ ಬಂದದ್ದು ಪೆಸಿಫಿಕ್ ಸಾಗರದ ನಡುವಿನ ನೌರು ಎಂಬ ದ್ವೀಪದೇಶ. ವಿಸ್ತೀರ್ಣ 21 ಚದರ ಕಿಲೋಮೀಟರ್. ಆಗ ಅಲ್ಲಿದ್ದ ಜನ ಸುಮಾರು ಎಂಟು ಸಾವಿರ; ನಮ್ಮಲ್ಲಾದರೆ ಒಂದು ಹೋಬಳಿ ಊರಿಗೆ ಆಗುವಷ್ಟು. ಅಷ್ಟು ಜನರ ಸರ್ಕಾರ ಎಪ್ಪತ್ತು ಕೋಟಿ ಜನರ ಸರ್ಕಾರದ ಜೊತೆ ಸಮಕ್ಕೆ ಕುಳಿತು ಬಂಡವಾಳ ಹೂಡಿತು. 1993ರಲ್ಲಿ ನೌರು ಹೊರನಡೆಯಿತು. ಕಂಪನಿ ಮುಂದೆ ಖಾಸಗಿಯವರ ಪಾಲಾಯಿತು. ನಮ್ಮ ಕರಾವಳಿಯ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಅದರೊಳಗೆ ವಿಲೀನವಾಗುತ್ತದೆ ಎಂದು 2024ರಲ್ಲಿ ಪ್ರಕಟವಾದದ್ದು ಅದೇ ಪಾರಾದೀಪ್ ಫಾಸ್ಫೇಟ್ಸ್.

ನೌರುವಿಗೆ ಅಷ್ಟು ಹಣ ಎಲ್ಲಿಂದ ಬಂತು ಎಂಬುದು ಬಹಳ ಸಲ ಹೇಳಿ ಸವೆದ ಕಥೆ. ದ್ವೀಪದ ನೆತ್ತಿಯ ತುಂಬ ಉತ್ಕೃಷ್ಟ ಫಾಸ್ಫೇಟ್ ಇತ್ತು. ಅಗೆದರು, ಮಾರಿದರು, ಉಡಾಯಿಸಿದರು, ಬಡವರಾದರು. ಈ ಕಥೆಯನ್ನು ಹೇಳುವವರ ದನಿಯಲ್ಲಿ ಸಾಮಾನ್ಯವಾಗಿ ಒಂದು ಕುಹಕ ಇರುತ್ತದೆ: ದಿಢೀರ್ ಶ್ರೀಮಂತರಾದ ಕಾಡುಜನರಿಗೆ ಹಣ ಇಟ್ಟುಕೊಳ್ಳುವುದು ಗೊತ್ತಿರಲಿಲ್ಲ ಎಂಬ ಧಾಟಿ. ನನಗೆ ಆ ಧಾಟಿ ಒಪ್ಪಿಗೆಯಿಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ನೌರುವಿಗೆ ಅರ್ಧ ಮಾತ್ರ ಹೊಂದುತ್ತದೆ. ಅಲ್ಲಿನವರಿಗೆ ಕುಡಿಕೆ ತುಂಬಿಸಿಡುವ ಬುದ್ಧಿ ಇತ್ತು, ತುಂಬಿಸಿಯೂ ಇದ್ದರು. ಕುಡಿಕೆಯಲ್ಲಿ ಎಷ್ಟು ಉಳಿದಿದೆ ಎಂದು ಕೇಳಬಲ್ಲ ಒಬ್ಬನನ್ನು ನೇಮಿಸಿಕೊಳ್ಳಲು ಮಾತ್ರ ಅವರಿಗೆ ಆಗಲಿಲ್ಲ. ಯಾಕೆ ಆಗಲಿಲ್ಲ ಎನ್ನುವುದೇ ಈ ಕಥೆಯಲ್ಲಿ ತಿಳಿದುಕೊಳ್ಳಬೇಕಾದ ಭಾಗ.

ಮೊದಲು ಹಿಂದಿನದು. 1900ರ ಹೊತ್ತಿಗೆ ಆಲ್ಬರ್ಟ್ ಎಲ್ಲಿಸ್ ಎಂಬ ನೌಕರ ಸಿಡ್ನಿಯ ತನ್ನ ಕಚೇರಿಯಲ್ಲಿ ಬಾಗಿಲಿಗೆ ಒತ್ತಾಗಿ ಇಟ್ಟಿದ್ದ ಕಲ್ಲೊಂದನ್ನು ಅನುಮಾನದಿಂದ ಪರೀಕ್ಷಿಸಿದ. ಮರದ ಪಳೆಯುಳಿಕೆ ಎಂದು ನೌರುವಿನಿಂದ ತಂದಿದ್ದ ಆ ಕಲ್ಲು ಶುದ್ಧ ಫಾಸ್ಫೇಟ್ ಆಗಿತ್ತು. ಆಗ ದ್ವೀಪ ಜರ್ಮನಿಯ ವಶದಲ್ಲಿತ್ತು. ಗಣಿಗಾರಿಕೆ ಶುರುವಾದಾಗ ನೆಲದ ಒಡೆಯರಿಗೆ ಸಿಕ್ಕ ರಾಯಧನ ಟನ್ನಿಗೆ ಅರ್ಧ ಪೆನ್ನಿ. ಮೊದಲ ಮಹಾಯುದ್ಧದ ನಂತರ ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮೂರೂ ಸೇರಿ 1919ರಲ್ಲಿ ಒಪ್ಪಂದ ಮಾಡಿಕೊಂಡು ಬ್ರಿಟಿಷ್ ಫಾಸ್ಫೇಟ್ ಕಮಿಷನರ್ಸ್ ಎಂಬ ಸಂಸ್ಥೆ ರಚಿಸಿದವು. ಪಾಲು 42, 42, 16ರಂತೆ. ಈ ಸಂಸ್ಥೆ ನೌರುವಿನ ಫಾಸ್ಫೇಟನ್ನು ಆಸ್ಟ್ರೇಲಿಯ, ನ್ಯೂಜಿಲೆಂಡಿನ ರೈತರಿಗೆ ಲೋಕದ ಮಾರುಕಟ್ಟೆಗಿಂತ ಅಗ್ಗಕ್ಕೆ, ಅಸಲಿನ ಬೆಲೆಗೇ ಒದಗಿಸಿತು. ಮೂರು ಸರ್ಕಾರಗಳಿಗೆ ಅದು ಲೆಕ್ಕ ಒಪ್ಪಿಸುತ್ತಿತ್ತು. ನೆಲದ ಒಡೆಯರಿಗೆ ಒಪ್ಪಿಸಬೇಕೆಂಬ ನಿಯಮ ಎಲ್ಲಿಯೂ ಇರಲಿಲ್ಲ.

ಅಂದರೆ ಲೆಕ್ಕ ಕೊಡದ ಆಡಳಿತದ ಪಾಠ ನೌರುವಿಗೆ ಮನೆಯೊಳಗಿಂದ ಬಂದದ್ದಲ್ಲ. ಅರವತ್ತು ವರ್ಷ ಅವರು ಕಂಡದ್ದು ಅದೊಂದೇ ಮಾದರಿ.

ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಸುಮಾರು 1,200 ನೌರು ಜನರನ್ನು ಟ್ರುಕ್ ದ್ವೀಪಕ್ಕೆ ಸಾಗಿಸಿದರು. ಹಸಿವು, ಕಾಯಿಲೆಗಳಿಂದ ಅಲ್ಲಿ ಸತ್ತವರನ್ನು ಬಿಟ್ಟು ಉಳಿದ 737 ಜನ 1946ರ ಜನವರಿ 31ರಂದು ಮರಳಿದರು. ಮರಳಿದವರಲ್ಲಿ ಹ್ಯಾಮರ್ ಡಿರಾಬರ್ಟ್ ಎಂಬ ಯುವಕನೂ ಇದ್ದ. ಮುಂದೆ ಅವನೇ ದ್ವೀಪದ ಮುಖ್ಯಸ್ಥನಾಗಿ, ಹೊರಗಿನ ಅರ್ಥಶಾಸ್ತ್ರಜ್ಞರನ್ನು ಕರೆಸಿ ಫಾಸ್ಫೇಟಿನ ನಿಜಬೆಲೆ ಲೆಕ್ಕ ಹಾಕಿಸಿ, ಕಮಿಷನರುಗಳೆದುರು ಹಟ ಹಿಡಿದು ಕುಳಿತ. 1967ರಲ್ಲಿ 2.1 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ಗಣಿಯನ್ನು ಕೊಳ್ಳುವ ಒಪ್ಪಂದವಾಯಿತು. 1968ರ ಜನವರಿ 31ರಂದು, ಟ್ರುಕ್‌ನಿಂದ ಮರಳಿದ ದಿನವನ್ನೇ ಆರಿಸಿಕೊಂಡು, ನೌರು ಸ್ವತಂತ್ರವಾಯಿತು. ಡಿರಾಬರ್ಟ್ ಮೊದಲ ಅಧ್ಯಕ್ಷ.

ಫಾಸ್ಫೇಟ್ ಮುಗಿಯುವ ದಿನ ಬರುತ್ತದೆಂದು ಅವರಿಗೆ ಗೊತ್ತಿತ್ತು. ಅದಕ್ಕಾಗಿಯೇ ನೌರು ಫಾಸ್ಫೇಟ್ ರಾಯಲ್ಟೀಸ್ ಟ್ರಸ್ಟ್ ಇತ್ತು. ನೆಲದೊಡೆಯರ ರಾಯಧನ, ವಸತಿ, ಅಗೆದ ನೆಲದ ಪುನಶ್ಚೇತನ, ಮುಂದಿನ ಪೀಳಿಗೆ ಹೀಗೆ ಬೇರೆಬೇರೆ ಹುಂಡಿಗಳು ಅದರಲ್ಲಿದ್ದವು. ಕಾಗದದ ಮೇಲೆ ನೋಡಿದರೆ ಇದಕ್ಕಿಂತ ದೂರಾಲೋಚನೆ ಇನ್ನೇನು ಬೇಕು? 1991ರ ಸುಮಾರಿಗೆ ಟ್ರಸ್ಟಿನ ಆಸ್ತಿ ಅಂದಾಜು 170 ಕೋಟಿ ಆಸ್ಟ್ರೇಲಿಯನ್ ಡಾಲರ್ ಇತ್ತೆನ್ನುತ್ತಾರೆ. ಮೆಲ್ಬರ್ನಿನ ಕಾಲಿನ್ಸ್ ಸ್ಟ್ರೀಟಿನಲ್ಲಿ 1977ರಲ್ಲಿ ಎದ್ದುನಿಂತ 52 ಅಂತಸ್ತಿನ ನೌರು ಹೌಸ್ ಆಗ ಆ ನಗರದ ಅತಿ ಎತ್ತರದ ಕಟ್ಟಡ. ಮೆಲ್ಬರ್ನಿನ ಕುಚೋದ್ಯಗಾರರು ಅದನ್ನು ಹಕ್ಕಿಹಿಕ್ಕೆಯ ಗೋಪುರ ಎಂದು ಕರೆದರು. ಹೊನೊಲುಲುವಿನಲ್ಲಿ ಗೋಪುರ, ಫಿಜಿಯ ಸುವಾದಲ್ಲಿ ಹೋಟೆಲು, ಪಾರಾದೀಪಿನಲ್ಲಿ ಕಾರ್ಖಾನೆ, ಜೊತೆಗೆ ಸ್ವಂತ ವಿಮಾನಯಾನ ಸಂಸ್ಥೆ. 2002ರ ಹೊತ್ತಿಗೆ ಟ್ರಸ್ಟಿನಲ್ಲಿ ಉಳಿದದ್ದು ಸುಮಾರು 13.8 ಕೋಟಿ.

ಹಣ ಹೋದ ದಾರಿಗಳಲ್ಲಿ ಕೆಲವು ನಗೆ ತರಿಸುತ್ತವೆ. 1993ರಲ್ಲಿ ಲಿಯೊನಾರ್ಡೊ ದಾ ವಿಂಚಿಯ ಪ್ರೇಮದ ಬಗ್ಗೆ ಲಂಡನ್ನಿನಲ್ಲಿ ತೆರೆಕಂಡ ಸಂಗೀತನಾಟಕಕ್ಕೆ ನೌರು ಸುಮಾರು 20 ಲಕ್ಷ ಪೌಂಡ್ ಸುರಿಯಿತು. ಮೊದಲ ಪ್ರದರ್ಶನಕ್ಕೆ ನೌರುವಿನಿಂದ ಗಣ್ಯರು ಹಾರಿಹೋದರು, ನಾಟಕ ಕೆಲವೇ ವಾರಗಳಲ್ಲಿ ಪರದೆ ಎಳೆಯಿತು. ಪತ್ರಕರ್ತರಿಗೆ ಈ ನಾಟಕದ ಪ್ರಸಂಗ ಬಲು ಇಷ್ಟ. ಆದರೆ 170 ಕೋಟಿ ಕರಗಿದ್ದು ಒಂದು ಕೆಟ್ಟ ನಾಟಕದಿಂದಲ್ಲ. ಫಾಸ್ಫೇಟಿನ ಆದಾಯ ಕುಗ್ಗಿದಾಗಲೂ ಸರ್ಕಾರದ ಖರ್ಚು ಕುಗ್ಗಲಿಲ್ಲ. ಕೊರತೆ ತುಂಬಲು ಟ್ರಸ್ಟಿನ ಆಸ್ತಿಯನ್ನೇ ಅಡವಿಟ್ಟು ಸಾಲ ತಂದರು. ಸಾಲದ ಬಡ್ಡಿ ಕಟ್ಟಲು ಇನ್ನೊಂದು ಸಾಲ. 2004ರಲ್ಲಿ ಸುಮಾರು 23 ಕೋಟಿ ಡಾಲರ್ ಬಾಕಿಗಾಗಿ ಸಾಲಕೊಟ್ಟ ಜಿಇ ಕ್ಯಾಪಿಟಲ್ ಆಸ್ತಿಗಳ ಮೇಲೆ ಕೈಹಾಕಿತು. ಅದೇ ವರ್ಷ ನೌರು ಹೌಸ್ 14 ಕೋಟಿಗೆ ಮಾರಾಟವಾಯಿತು. 2005ರ ಡಿಸೆಂಬರಿನಲ್ಲಿ ಏರ್ ನೌರುವಿನ ಕೊನೆಯ ವಿಮಾನವೂ ಜಪ್ತಿಯಾಯಿತು.

ಇಷ್ಟೆಲ್ಲ ನಡೆಯುವಾಗ ಕೇಳುವವರು ಯಾರಿರಬೇಕಿತ್ತು? ಸಂವಿಧಾನ ಓದಿದರೆ ಎಲ್ಲರೂ ಇದ್ದಾರೆ. ಸಂಸತ್ತು, ಮಂತ್ರಿಮಂಡಲ, ನ್ಯಾಯಾಲಯ, ಲೆಕ್ಕಪರಿಶೋಧನಾ ನಿರ್ದೇಶಕ, ಸಂಸತ್ತಿನ ಒಪ್ಪಿಗೆಯಿಲ್ಲದೆ ಖಜಾನೆಯಿಂದ ಹಣ ತೆಗೆಯಬಾರದೆಂಬ ವಿಧಿ. ದೊಡ್ಡ ದೇಶಗಳಲ್ಲಿ ಇರುವುದೆಲ್ಲ ಅಲ್ಲೂ ಇತ್ತು. ಸಂಖ್ಯೆ ಹಾಕಿ ನೋಡಿದಾಗ ತೊಡಕು ಕಾಣುತ್ತದೆ. ಅಂದಿನ ಸಂಸತ್ತಿನಲ್ಲಿ ಒಟ್ಟು 18 ಸದಸ್ಯರು. ಅಧ್ಯಕ್ಷ ಮತ್ತು ಮಂತ್ರಿಗಳು ಐದಾರು ಮಂದಿ. ಸ್ಪೀಕರ್ ಒಬ್ಬರು. ಉಳಿದ ಹನ್ನೊಂದು, ಹನ್ನೆರಡರಲ್ಲಿ ಕೆಲವರು ಸರ್ಕಾರದ ಕಡೆಯವರು. ಸಾರ್ವಜನಿಕ ಲೆಕ್ಕಪತ್ರ ಸಮಿತಿ ಮಾಡಬೇಕೆಂದರೆ ಬೆರಳೆಣಿಕೆಯಷ್ಟು ಜನ, ಅವರಲ್ಲಿ ಅರ್ಧ ಮಂದಿ ನಾಳೆಯ ಮಂತ್ರಿಗಳು. ಇದು ಬರೀ ಊಹೆಯಲ್ಲ. 1996ರ ನವೆಂಬರಿನಿಂದ 1997ರ ಫೆಬ್ರವರಿಯೊಳಗೆ ಅಲ್ಲಿ ಅಧ್ಯಕ್ಷಗಿರಿ ನಾಲ್ಕು ಸಲ ಕೈಬದಲಾಯಿತು. ಒಬ್ಬರಿಗೆ ದಕ್ಕಿದ್ದು ಹದಿನೈದೇ ದಿನ. ಮುಂದಿನ ತಿಂಗಳು ತಾನೇ ಕೂರಬಹುದಾದ ಕುರ್ಚಿಯ ಅಧಿಕಾರವನ್ನು ಇಂದು ಕತ್ತರಿಸಲು ಯಾವ ಸದಸ್ಯ ಮುಂದೆ ಬರುತ್ತಾನೆ?

ಪಕ್ಷಗಳೂ ಅಲ್ಲಿ ಗಟ್ಟಿಯಾಗಿ ಬೇರೂರಲಿಲ್ಲ. ಮತ ಬೀಳುವುದು ಕುಟುಂಬಕ್ಕೆ, ಜಿಲ್ಲೆಗೆ, ಬಳಿಗೆ. ಮಂತ್ರಿಯ ಅಕ್ಕ ಖಜಾನೆ ಇಲಾಖೆಯ ನೌಕರಳಾಗಿರಬಹುದು, ಲೆಕ್ಕ ನೋಡಬೇಕಾದವನು ಆಕೆಯ ಗಂಡನ ತಮ್ಮನಾಗಿರಬಹುದು. ಭಾನುವಾರ ಒಂದೇ ಚರ್ಚಿನಲ್ಲಿ ಕೂರುವವರು, ಹತ್ತೊಂಬತ್ತು ಕಿಲೋಮೀಟರಿನ ಒಂದೇ ವರ್ತುಲ ರಸ್ತೆಯಲ್ಲಿ ದಿನಕ್ಕೆರಡು ಸಲ ಎದುರಾಗುವವರು. ಇಂಥಲ್ಲಿ ಆಕ್ಷೇಪಣೆಯ ಒಂದು ಸಾಲು ಬರೆಯುವುದೆಂದರೆ ಸಂಬಂಧ ಮುರಿದುಕೊಂಡ ಹಾಗೆ. ಅಪರಿಚಿತತೆಯೂ ಒಂದು ಆಡಳಿತ ಸೌಕರ್ಯ ಎಂಬುದು ದೊಡ್ಡ ದೇಶದ ಪ್ರಜೆಗಳಾದ ನಮಗೆ ಹೊಳೆಯುವುದೇ ಇಲ್ಲ. ನಮ್ಮ ಮಹಾಲೇಖಪಾಲರ ಕಚೇರಿಯ ಗುಮಾಸ್ತ ತಾನು ಕೆಂಪು ಗೆರೆ ಎಳೆದ ಇಲಾಖೆಯ ಮಂತ್ರಿಯನ್ನು ಜೀವಮಾನದಲ್ಲಿ ಒಮ್ಮೆಯೂ ಮುಖಾಮುಖಿ ಕಾಣದೆ ನಿವೃತ್ತನಾಗುತ್ತಾನೆ. ನೌರುವಿನಲ್ಲಿ ಅದು ಸಾಧ್ಯವಿಲ್ಲ.

ಇನ್ನೊಂದು ಕಾರಣ ತೆರಿಗೆ. ಸ್ವಾತಂತ್ರ್ಯದಿಂದ 2014ರವರೆಗೆ ನೌರು ಪ್ರಜೆ ಆದಾಯ ತೆರಿಗೆ ಕಟ್ಟಲಿಲ್ಲ. ತನ್ನ ಜೇಬಿನಿಂದ ಹೋಗದ ಹಣದ ಲೆಕ್ಕ ಕೇಳುವ ಚಟ ಯಾರಿಗೂ ಸುಲಭವಾಗಿ ಹತ್ತುವುದಿಲ್ಲ. ಟ್ರಸ್ಟಿನ ಲೆಕ್ಕ ಜನರ ಕೈಗೆ ಸಿಗುವಂತೆ ಪ್ರಕಟವಾಗುತ್ತಿರಲಿಲ್ಲ. ಬೇಕೇ ಬೇಕು ಎಂದು ರಸ್ತೆಗಿಳಿದವರ ಗುಂಪೂ ದೊಡ್ಡದಿರಲಿಲ್ಲ. ರಾಯಧನದ ಚೆಕ್ಕು ಬರುತ್ತಿದ್ದಷ್ಟು ದಿನ ಪ್ರಶ್ನೆ ಹುಟ್ಟಲಿಲ್ಲ, ಚೆಕ್ಕು ನಿಂತ ದಿನ ಉತ್ತರ ಕೊಡಲು ಹಣ ಉಳಿದಿರಲಿಲ್ಲ.

ವಿಚಿತ್ರವೆಂದರೆ ಪರರಿಂದ ಲೆಕ್ಕ ಕೇಳುವುದರಲ್ಲಿ ಈ ದ್ವೀಪ ಎತ್ತಿದ ಕೈ. ಸ್ವಾತಂತ್ರ್ಯಕ್ಕೆ ಮೊದಲು ಅಗೆದ ನೆಲವನ್ನು ಸರಿಪಡಿಸುವ ಹೊಣೆ ಯಾರದೆಂದು ಪರಿಶೀಲಿಸಲು ನೌರು ಒಂದು ವಿಚಾರಣಾ ಆಯೋಗ ನೇಮಿಸಿತು. ಅದರ ಮುಖ್ಯಸ್ಥರು ಶ್ರೀಲಂಕಾದ ಕ್ರಿಸ್ಟೋಫರ್ ವೀರಮಂತ್ರಿ, ಮುಂದೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದವರು. 1989ರಲ್ಲಿ ನೌರು ಅದೇ ನ್ಯಾಯಾಲಯದಲ್ಲಿ ಆಸ್ಟ್ರೇಲಿಯದ ಮೇಲೆ ದಾವೆ ಹೂಡಿತು. ಪ್ರಕರಣ ತನ್ನ ವ್ಯಾಪ್ತಿಗೆ ಬರುತ್ತದೆಂದು 1992ರಲ್ಲಿ ನ್ಯಾಯಾಲಯ ಹೇಳಿದ ಮೇಲೆ, 1993ರಲ್ಲಿ ಆಸ್ಟ್ರೇಲಿಯ 10.7 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ಲಂಡನ್ನಿನ ಆ ನಾಟಕ ನಡೆದದ್ದೂ ಅದೇ ವರ್ಷ! ದ್ವೀಪದ ನೆತ್ತಿಯಲ್ಲಿ ಅಗೆದು ಬಿಟ್ಟ ಸುಣ್ಣಕಲ್ಲಿನ ಕೋಡುಗಳು ಇವತ್ತಿಗೂ ಬಹುಪಾಲು ಹಾಗೇ ನಿಂತಿವೆ.

ಖಜಾನೆ ಒಣಗಿದಾಗ ಸರ್ಕಾರ ಬೇರೇನೂ ಮಾರಲಿಲ್ಲವೆಂದಲ್ಲ. ಸಾರ್ವಭೌಮತ್ವವನ್ನೇ ಚಿಲ್ಲರೆಯಲ್ಲಿ ಮಾರಿತು. ತೊಂಬತ್ತರ ದಶಕದಲ್ಲಿ ಹೆಸರಿಗಷ್ಟೇ ಇದ್ದ ಸುಮಾರು 400 ಬ್ಯಾಂಕುಗಳು ಅಲ್ಲಿ ನೋಂದಣಿಯಾಗಿದ್ದವು. 1998ರ ಒಂದೇ ವರ್ಷದಲ್ಲಿ ತಮ್ಮ ದೇಶದಿಂದ ಇವುಗಳ ಮೂಲಕ ಸುಮಾರು 7,000 ಕೋಟಿ ಡಾಲರ್ ಹರಿದುಹೋಯಿತೆಂದು ರಷ್ಯದ ಕೇಂದ್ರ ಬ್ಯಾಂಕಿನ ಅಧಿಕಾರಿಯೊಬ್ಬರು ಹೇಳಿದ್ದರು. ಅಕ್ರಮ ಹಣದ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಕಾರ್ಯಪಡೆ ನೌರುವನ್ನು ಕಪ್ಪುಪಟ್ಟಿಗೆ ಸೇರಿಸಿದ್ದು 2000ದಲ್ಲಿ, ತೆಗೆದದ್ದು 2005ರಲ್ಲಿ. 2001ರಲ್ಲಿ ಟ್ಯಾಂಪಾ ಎಂಬ ಹಡಗಿನಲ್ಲಿದ್ದ ನಿರಾಶ್ರಿತರನ್ನು ತನ್ನ ನೆಲಕ್ಕಿಳಿಸಲು ಒಪ್ಪದ ಆಸ್ಟ್ರೇಲಿಯ, ಅವರಲ್ಲಿ ಹಲವರನ್ನು ಇಟ್ಟುಕೊಳ್ಳಲು ನೌರುವಿಗೆ ಹಣ ಕೊಟ್ಟಿತು. ಆ ವ್ಯವಹಾರ ನಡುವೆ ನಿಂತು, ಮತ್ತೆ ಶುರುವಾಗಿ ಇಂದಿಗೂ ನಡೆದಿದೆ.

ಹಾಗಾದರೆ ಇಷ್ಟು ಚಿಕ್ಕ ಸಮಾಜದಲ್ಲಿ ಸರ್ಕಾರದ ಮೇಲೆ ನಿಗಾ ಅಸಾಧ್ಯವೇ? ನೌರುವಿನಷ್ಟೇ ಜನ, ಹೆಚ್ಚುಕಡಿಮೆ ಅಷ್ಟೇ ನೆಲವಿರುವ ಟುವಾಲು ಇನ್ನೊಂದು ದಾರಿ ತೋರಿಸಿದೆ. ಒಂಬತ್ತು ದ್ವೀಪಗಳು, 26 ಚದರ ಕಿಲೋಮೀಟರ್, ಫಾಸ್ಫೇಟ್ ಇಲ್ಲ, ತೆಂಗು ಮತ್ತು ಮೀನು ಬಿಟ್ಟರೆ ಹೇಳಿಕೊಳ್ಳುವಂಥದ್ದಿಲ್ಲ. 1978ರಲ್ಲಿ ಸ್ವತಂತ್ರವಾಯಿತು. ಶುರುವಿನಲ್ಲೇ ಒಂದು ಎಡವಟ್ಟು. ಮೊದಲ ಪ್ರಧಾನಿ ಟೊಆರಿಪಿ ಲೌಟಿ ಸರ್ಕಾರದ ಬಹುಪಾಲು ಹಣವನ್ನು ಹೆಚ್ಚು ಬಡ್ಡಿಯ ಆಸೆ ತೋರಿಸಿದ ಕ್ಯಾಲಿಫೋರ್ನಿಯಾದ ಜಮೀನು ವ್ಯಾಪಾರಿಯೊಬ್ಬನ ಕೈಗೆ ಕೊಟ್ಟರು. ಅದರ ಗದ್ದಲದಲ್ಲಿ 1981ರಲ್ಲಿ ಪದವಿಯೂ ಹೋಯಿತು. ದೊಡ್ಡ ಕುಡಿಕೆ ಕೈಗೆ ಬರುವ ಮೊದಲೇ ಟುವಾಲು ಕೈಸುಟ್ಟುಕೊಂಡದ್ದು ಒಂದು ಬಗೆಯ ಅದೃಷ್ಟ ಎಂದೇ ನನಗೆ ತೋರುತ್ತದೆ.

ಪ್ರತಿವರ್ಷ ಬಜೆಟ್ ಕೊರತೆ ತುಂಬಲು ಬ್ರಿಟನ್ನಿನ ಮುಂದೆ ಕೈಯೊಡ್ಡುವ ಬದಲು ಒಂದೇ ಸಲ ಇಡುಗಂಟು ಕೊಡಿ ಎಂದು ಟುವಾಲು ಕೇಳಿತು. ಹಣಕಾಸು ಮಂತ್ರಿ ಹೆನ್ರಿ ನೈಸಾಲಿ ಇದಕ್ಕಾಗಿ ವರ್ಷಗಟ್ಟಲೆ ಓಡಾಡಿದರು. 1987ರಲ್ಲಿ ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳ ದೊಡ್ಡ ಪಾಲು, ಟುವಾಲುವಿನದೇ ಒಂದು ಸಣ್ಣ ಪಾಲು ಸೇರಿ ಸುಮಾರು 2.7 ಕೋಟಿ ಆಸ್ಟ್ರೇಲಿಯನ್ ಡಾಲರಿನ ಟುವಾಲು ಟ್ರಸ್ಟ್ ಫಂಡ್ ಹುಟ್ಟಿತು. ಇಂದು ಅದು 15 ಕೋಟಿ ದಾಟಿದೆ.

ಅದರ ಬೀಗ ಇರುವುದು ಒಂದು ಸೂತ್ರದಲ್ಲಿ. ಮೂಲಧನವನ್ನು ಪ್ರತಿವರ್ಷ ಆಸ್ಟ್ರೇಲಿಯದ ಹಣದುಬ್ಬರಕ್ಕೆ ತಕ್ಕಂತೆ ಏರಿಸಿ ಒಂದು ಕನಿಷ್ಠ ಮಟ್ಟ ಲೆಕ್ಕಹಾಕುತ್ತಾರೆ. ನಿಧಿಯ ಮಾರುಕಟ್ಟೆ ಮೌಲ್ಯ ಆ ಮಟ್ಟವನ್ನು ಮೀರಿದರೆ, ಮೀರಿದಷ್ಟು ಮಾತ್ರ ಇನ್ನೊಂದು ಖಾತೆಗೆ ತಾನಾಗಿ ಹರಿಯುತ್ತದೆ. ಸರ್ಕಾರ ಬಜೆಟ್ಟಿಗೆ ಮುಟ್ಟಬಹುದಾದದ್ದು ಆ ಎರಡನೆಯ ಖಾತೆಯನ್ನು. ನೂರು ಇದ್ದದ್ದು ಬೆಲೆಯೇರಿಕೆಯಿಂದ ನೂರಿಪ್ಪತ್ತಾಗಬೇಕಿತ್ತು ಎಂದುಕೊಳ್ಳಿ. ನಿಧಿಯಲ್ಲಿ ನೂರಹದಿನೆಂಟು ಇದ್ದರೆ ಆ ವರ್ಷ ಸರ್ಕಾರಕ್ಕೆ ಸೊನ್ನೆ. ಮಂತ್ರಿ ಎಷ್ಟೇ ಗೋಗರೆಯಲಿ, ಚುನಾವಣೆ ಎಷ್ಟೇ ಹತ್ತಿರವಿರಲಿ. ಷೇರುಪೇಟೆ ಬಿದ್ದ ವರ್ಷಗಳಲ್ಲಿ ಸೊನ್ನೆ ಬಂದದ್ದೂ ಉಂಟು. ಆಗ ಎರಡನೆಯ ಖಾತೆಯಲ್ಲಿ ಹಿಂದಿನ ವರ್ಷಗಳದ್ದು ಉಳಿಸಿಕೊಂಡಿದ್ದರೆ ಬದುಕು, ಇಲ್ಲವಾದರೆ ಖರ್ಚು ಕಡಿತ.

ಇದರ ಮೇಲೆ ಟುವಾಲುವಿನ ಹಣಕಾಸು ಮಂತ್ರಿ ಅಧ್ಯಕ್ಷರಾಗಿರುವ, ದಾನಿದೇಶಗಳ ಪ್ರತಿನಿಧಿಗಳೂ ಕೂರುವ ಮಂಡಳಿ ಇದೆ. ಜೊತೆಗೆ ಒಂದು ಸಲಹಾ ಸಮಿತಿ. ಅದರ ಅರ್ಥಶಾಸ್ತ್ರಜ್ಞರು ಆಗಾಗ ರಾಜಧಾನಿ ಫುನಾಫುಟಿಗೆ ಬಂದು ನಿಧಿಯನ್ನಷ್ಟೇ ಅಲ್ಲ, ಸರ್ಕಾರದ ಒಟ್ಟು ಆರ್ಥಿಕ ನೀತಿಯನ್ನೂ ನೋಡಿ ವರದಿ ಕೊಡುತ್ತಾರೆ. ಸಂಬಳದ ವೆಚ್ಚ ಎಷ್ಟು ಏರಿತು, ಹಡಗಿನ ರಿಪೇರಿಗೆ ಹಣ ಇಟ್ಟಿದ್ದೀರಾ ಎಂಬಂಥ ಮನೆಮುರುಕ ಪ್ರಶ್ನೆಗಳು. ನೆಂಟರು ಕೇಳಲಾರದ್ದನ್ನು ಹೊರಗಿನವರು ಕೇಳುತ್ತಾರೆ. ಬೇಡ ಎನ್ನಬೇಕಾದ ಮಂತ್ರಿಗೂ ಅದರಿಂದ ಅನುಕೂಲವೇ: ಸೋದರಮಾವನಿಗೆ ಇಲ್ಲ ಎನ್ನುವುದು ಕಷ್ಟ, ಸೂತ್ರ ಒಪ್ಪುವುದಿಲ್ಲ ಎನ್ನುವುದು ಸುಲಭ.

ಒಳಗಿನ ನಿಗಾವನ್ನೂ ಟುವಾಲು ಕೈಬಿಡಲಿಲ್ಲ. ಪ್ರತಿ ದ್ವೀಪಕ್ಕೂ ಫಲೆಕೌಪುಲೆ ಎಂಬ ಹಿರಿಯರ ಸಭೆ ಹಿಂದಿನಿಂದ ಇತ್ತು. 1997ರ ಕಾಯ್ದೆ ಸ್ಥಳೀಯ ಆಡಳಿತದ ಅಧಿಕಾರವನ್ನು ಅದಕ್ಕೇ ಕೊಟ್ಟಿತು. 1999ರಲ್ಲಿ ದ್ವೀಪಗಳೂ ತಮ್ಮ ವಂತಿಗೆ ಹಾಕಿ, ಸರ್ಕಾರವೂ ಸೇರಿಸಿ ಫಲೆಕೌಪುಲೆ ಟ್ರಸ್ಟ್ ಫಂಡ್ ಶುರುವಾಯಿತು. ಪ್ರತಿ ದ್ವೀಪಕ್ಕೆ ಅದರದೇ ಪಾಲು. ಸ್ವಂತ ವಂತಿಗೆ ಇರುವುದರಿಂದ ನಮ್ಮ ಪಾಲೆಷ್ಟು ಬಂತು ಎಂದು ಚಾಪೆಯ ಮೇಲೆ ಕೂತ ಮುದುಕರೂ ಕೇಳುತ್ತಾರೆ. ನೌರುವಿನಲ್ಲಿ ಕಾಣೆಯಾಗಿದ್ದ ಆ ಚಟ ಇಲ್ಲಿ ಹೀಗೆ ಹತ್ತಿತು. ಟುವಾಲು ತಪ್ಪೇ ಮಾಡಲಿಲ್ಲ ಎಂದು ನಾನು ಹೇಳುತ್ತಿಲ್ಲ. ತಪ್ಪು ಮಾಡಿದ ವರ್ಷದಲ್ಲೂ ಮೂಲಧನ ಅವರ ಕೈಗೆ ಎಟುಕುವಂತಿರಲಿಲ್ಲ ಅಷ್ಟೆ.

ನೌರುವೂ ಕೊನೆಗೆ ಅದೇ ದಾರಿಗೆ ಬಂತು. 2015ರಲ್ಲಿ ಹೊಸದೊಂದು ಪೀಳಿಗೆ ನಿಧಿ ಸ್ಥಾಪನೆಯಾಯಿತು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ರೂಪುಗೊಂಡ ಇದಕ್ಕೆ ನೌರು ಜೊತೆ ಆಸ್ಟ್ರೇಲಿಯ, ತೈವಾನ್ ಹಣ ಹಾಕಿದವು. 2033ರವರೆಗೆ ಒಂದು ಡಾಲರನ್ನೂ ತೆಗೆಯುವಂತಿಲ್ಲ. ಆ ಹೊತ್ತಿಗೆ 40 ಕೋಟಿ ಡಾಲರ್ ಮಾಡುವ ಗುರಿ. ನಿಧಿಯ ಸಮಿತಿಯಲ್ಲಿ ದಾನಿಗಳಿಗೂ ಜಾಗ.

ಇಲ್ಲಿಯೇ ಹೊರಗಿನ ಕಾವಲಿನ ಮಿತಿಯೂ ಕಾಣುತ್ತದೆ. 2014ರ ಜನವರಿಯಲ್ಲಿ ನೌರು ಸರ್ಕಾರ ತನ್ನ ಮ್ಯಾಜಿಸ್ಟ್ರೇಟ್ ಪೀಟರ್ ಲಾ ಅವರನ್ನು ದೇಶದಿಂದ ಹೊರಹಾಕಿ, ಮುಖ್ಯ ನ್ಯಾಯಾಧೀಶ ಜೆಫ್ರಿ ಈಮ್ಸ್ ಅವರ ವೀಸಾ ರದ್ದುಮಾಡಿತು. ಅದೇ ವರ್ಷ ವಿರೋಧಪಕ್ಷದ ಐವರು ಸದಸ್ಯರನ್ನು ಸಂಸತ್ತಿನಿಂದ ಅಮಾನತುಗೊಳಿಸಿತು. 19 ಸದಸ್ಯರ ಸಂಸತ್ತಿನಲ್ಲಿ ಐವರು ಹೋದರೆ ಪ್ರಶ್ನೆ ಕೇಳಲು ಯಾರುಳಿದರು? ನಿರಾಶ್ರಿತರ ಶಿಬಿರಕ್ಕೆ ನೌರುವನ್ನೇ ನೆಚ್ಚಿದ್ದ ಆಸ್ಟ್ರೇಲಿಯ ಆಗ ಎತ್ತಿದ ದನಿ ಬಲು ಮೆಲ್ಲನೆಯದು. ಸಾಲಕೊಟ್ಟವನೋ ದಾನಿಯೋ ಕಾಯುವುದು ತನ್ನ ಹಣವಿರುವ ಖಾತೆಯನ್ನು, ಉಳಿದದ್ದನ್ನು ತನ್ನ ಅನುಕೂಲ ನೋಡಿಕೊಂಡು. ದಾನಿಗಳೂ ಶಾಶ್ವತವಲ್ಲ. 2024ರ ಜನವರಿಯಲ್ಲಿ ನೌರು ತೈವಾನನ್ನು ಬಿಟ್ಟು ಚೀನಾದ ಕಡೆ ವಾಲಿತು. ಅದೇ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ಜೊತೆ ಹೊಸ ಒಪ್ಪಂದವಾಯಿತು: ಐದು ವರ್ಷಕ್ಕೆ 10 ಕೋಟಿ ಡಾಲರ್ ಬಜೆಟ್ ನೆರವು, ಅದಕ್ಕೆ ಬದಲಾಗಿ ಭದ್ರತೆ, ಬ್ಯಾಂಕಿಂಗ್, ದೂರಸಂಪರ್ಕದಂಥ ವಿಷಯಗಳಲ್ಲಿ ಆಸ್ಟ್ರೇಲಿಯದ ಮಾತಿಗೆ ತೂಕ.

ಈಗ ಹೊಸ ಹಣ ಬರುತ್ತಿದೆ. ತಾನು ಗಡೀಪಾರು ಮಾಡಲಾಗದ ವಿದೇಶಿಯರನ್ನು ನೌರುವಿಗೆ ಕಳಿಸಲು 2025ರ ಆಗಸ್ಟಿನಲ್ಲಿ ಆಸ್ಟ್ರೇಲಿಯ ಮಾಡಿಕೊಂಡ ಒಪ್ಪಂದದ ಮೊದಲ ಕಂತೇ 40.8 ಕೋಟಿ ಡಾಲರ್; 2033ಕ್ಕೆ ಪೀಳಿಗೆ ನಿಧಿ ಮುಟ್ಟಬೇಕೆಂದಿದ್ದ ಗುರಿಗಿಂತ ಹೆಚ್ಚು. ಅದೇ ವರ್ಷ 1,05,000 ಅಮೆರಿಕನ್ ಡಾಲರಿಗೆ ಪೌರತ್ವ ಮಾರುವ ಯೋಜನೆ ಶುರುವಾಗಿದೆ. ಹವಾಮಾನ ಬದಲಾವಣೆಯಿಂದ ಪಾರಾಗಲು ಕರಾವಳಿಯ ಜನರನ್ನು ಎತ್ತರದ ನೆಲಕ್ಕೆ ಸಾಗಿಸುವ ಖರ್ಚಿಗೆ ಎಂಬ ವಿವರಣೆಯೊಡನೆ. ಆ ಎತ್ತರದ ನೆಲ ಎಂದರೆ ಫಾಸ್ಫೇಟ್ ಅಗೆದು ಬಿಟ್ಟ ಅದೇ ಕಲ್ಲುಕೋಡುಗಳ ನೆತ್ತಿ. ಪಾಸ್‌ಪೋರ್ಟಿನ ಹಣ ಬೀಗವಿರುವ ನಿಧಿಗೆ ಎಷ್ಟು, ಬೀಗವಿಲ್ಲದ ಖಜಾನೆಗೆ ಎಷ್ಟು ಎಂದು ಪ್ರತಿ ಬಜೆಟ್ಟಿನಲ್ಲೂ ಕೇಳಬೇಕಾದವರು ಯಾರೆನ್ ಜಿಲ್ಲೆಯ ಸಂಸತ್ ಭವನದಲ್ಲಿ ಕೂರುವ ಆ 19 ಮಂದಿ. ಅವರಲ್ಲಿ ಮಂತ್ರಿಗಳನ್ನೂ ಸ್ಪೀಕರನ್ನೂ ಕಳೆದು ಉಳಿದವರು ಎಂದು ಓದಿಕೊಳ್ಳಬೇಕು.